ನೂರಾ ಎಂಬತ್ತು ಹುರುಪೆ

ಯಾವ ಕಡಲು ಎಂದು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಆ ಕಡಲಿನವರು ಜಗಳಕ್ಕೆ ಬರುತ್ತಾರೆ. ಒಂದು ಕಡಲು ಅಂತ ಇಟ್ಟುಕೊಳ್ಳಿ. ಬಿಸಿಲು ಇಳಿಯುತ್ತಾ ಇಳಿಯುತ್ತಾ ಸಾಕಾಗಿ ವಾಪಸ್ಸು ಹೋಗಿಬಿಡುವಷ್ಟು ಆಳದಲ್ಲಿ, ಅದರ ತಳದಲ್ಲಿ ಒಂದು ಊರಿತ್ತು. ಊರಿನವರು ಒಬ್ಬೊಬ್ಬರೂ ಒಂದು ಕಾಳಿನ ಗಾತ್ರ, ಹೆಸರುಗಳೂ ಕಾಳುಕಡ್ಡಿಯವೇ. ಎಲ್ಲರಿಗೂ ಹಣೆಯ ನಡುವೆ ಒಂದೇ ಕಣ್ಣು, ಹೆಂಗಸು ಗಂಡಸು ಎನ್ನದೆ ಮೈಗಿಂತ ಉದ್ದದ ಮೀಸೆ. ನೀರಿನಲ್ಲಿ ತೇಲಿಕೊಂಡು ಬಾಳುವ ಜನ. ಹರಿವು ಎಲ್ಲಿಗೆ ಎಳೆದುಕೊಂಡು ಹೋದರೂ, ತಲುಪಿದ ಮೇಲೆ ಮೀಸೆ ಸರಿ ಮಾಡಿಕೊಂಡು "ನಾವೂ ಇಲ್ಲಿಗೇ ಬರಬೇಕು ಅಂತಿದ್ವಿ" ಎನ್ನುವುದು ಅವರ ಅಭ್ಯಾಸ.

ಈ ಜನರ ಬೆನ್ನೊಳಗೆ ಒಂದೊಂದು ಎಣ್ಣೆ ಕುಡಿಕೆ ಇತ್ತು. ಅದರ ವಿಷಯ ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದೆ ನೀವು ತಲೆ ಕೆರೆದುಕೊಂಡು ನನ್ನನ್ನು ಬಯ್ಯುತ್ತೀರಿ. ವರ್ಷಕ್ಕೊಮ್ಮೆ ಕಡಲಿನ ಮೇಲ್ಮೈಯಲ್ಲಿ ಹಸಿರು ಹುಟ್ಟುತ್ತಿತ್ತು. ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಜಿನ ಡಬ್ಬಿಗಳಲ್ಲಿ, ಬಿಸಿಲಲ್ಲೇ ಬೆಂದು ತಯಾರಾದ ಹಸಿರು. ಹದಿನೈದು ದಿನದ ಸಂತರ್ಪಣೆ, ಆಮೇಲೆ ಮುಗಿಯಿತು. ಊರಿಗೆ ಊರೇ ಮೇಲೆ ಹೋಗಿ ಅದನ್ನು ಹೊಟ್ಟೆ ಬಿರಿಯೆ ತಿಂದು, ಮೊಟ್ಟೆಯಿಟ್ಟು, ಕುಡಿಕೆ ತುಂಬಿಸಿಕೊಂಡು, ಮತ್ತೆ ಇಳಿದು ಬಂದು, ಕೆಲವು ತಿಂಗಳು ಸಭೆ ಹರಟೆಗಳಲ್ಲಿ ಕಳೆದು, ಪ್ರತಿವರ್ಷ ಅದೇ ದಿನಕ್ಕೆ ಮಲಗುತ್ತಿತ್ತು. ನಿದ್ದೆಯುದ್ದಕ್ಕೂ ಕುಡಿಕೆಯ ಎಣ್ಣೆ ದೀಪದ ಎಣ್ಣೆಯಂತೆ ಒಂದಿಷ್ಟಿಷ್ಟೇ ಉರಿಯುತ್ತಿತ್ತು. ಕುಡಿಕೆ ತುಂಬಿದ್ದರೆ ಕಲ್ಲಿನಂಥ ನಿದ್ದೆ, ಖಾಲಿಯಾದರೆ ಮಲಗಿದವರು ಮತ್ತೆ ಏಳುವುದಿಲ್ಲ.

ಏಳುವುದಕ್ಕೂ ಒಂದು ಪದ್ಧತಿಯಿತ್ತು. ದಿನಕ್ಕೊಂದು ಸಲ ಲಾಟೀನು ಮೀನುಗಳ ಹಿಂಡು ಮಿಣಿಮಿಣಿ ಎನ್ನುತ್ತಾ ಊರಿನ ಮೇಲೆ ಹಾದುಹೋಗುತ್ತಿತ್ತು. ಆ ಮೀನುಗಳ ಮೈಯಿಂದ ಉದುರುವ ಬಿಲ್ಲೆಗಳಿಗೆ ಹುರುಪೆ ಎನ್ನುತ್ತಾರೆ. ಉದುರುವುದು ಹತ್ತಾರು, ಆದರೆ ಆ ದಿನ ಮೊದಲು ಬಿದ್ದ ಒಂದು ಹುರುಪೆಯನ್ನು ಮಾತ್ರ ಎಳೆದು ತಂದು ಊರ ನಡುವೆ ರಾಶಿ ಹಾಕಬೇಕು; ಊರು ಮಲಗಿದ ದಿನದಿಂದ ಹೊಸ ರಾಶಿ. ರಾಶಿಯಲ್ಲಿ ನೂರಾ ಎಂಬತ್ತು ಹುರುಪೆಯಾದ ದಿನ ಊರನ್ನು ಎಬ್ಬಿಸಬೇಕು. ಒಂದು ಕಡಿಮೆಯಿಲ್ಲ, ಒಂದು ಹೆಚ್ಚಿಲ್ಲ. ಇದನ್ನು ಅಜ್ಜಂದಿರು ಮಾಡಿಟ್ಟಿದ್ದರು, ಮತ್ತು ಸುಳ್ಳೇಕೆ ಹೇಳಲಿ, ಅಜ್ಜಂದಿರ ಕಾಲದಲ್ಲಿ ಅದು ಕರಾರುವಾಕ್ಕಾಗಿತ್ತು. ಊರು ಮೇಲೆ ಹೋಗುವುದಕ್ಕೂ ಹಸಿರು ಬಡಿಸುವುದಕ್ಕೂ ಸರಿಹೋಗುತ್ತಿತ್ತು.

ಹುರುಪೆ ಎಳೆಯುವ, ಊರನ್ನು ಎಬ್ಬಿಸುವ ಕೆಲಸ ನುಚ್ಚಕ್ಕನದು. ಸಣಕಲು ಹೆಂಗಸು, ಎಷ್ಟು ತಿಂದರೂ ಕುಡಿಕೆ ತುಂಬುತ್ತಿರಲಿಲ್ಲ, ಹಾಗಾಗಿ ನಿದ್ದೆಯೂ ಹತ್ತುತ್ತಿರಲಿಲ್ಲ. ಊರಿನವರು ಅದನ್ನು ಮೊದಮೊದಲು ಕಾಯಿಲೆ ಎಂದರು, ಆಮೇಲೆ ಹುದ್ದೆ ಎಂದರು. ಒಂದೊಂದು ಹುರುಪೆಯೂ ಅವಳ ಮೈಯ ಎರಡರಷ್ಟು. ಅದನ್ನು ಎಳೆಯುತ್ತಾ, ಗೊಣಗುತ್ತಾ, ಮಲಗಿದವರ ತೆರೆದ ಬಾಯಿ ಮುಚ್ಚಿಸುತ್ತಾ, ತಂಗಿ ನವಣೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಅವಳು ದಿನ ಕಳೆಯುತ್ತಿದ್ದಳು.

ಹೀಗಿರುವಾಗ ಒಂದು ವರ್ಷ, ರಾಶಿಯಲ್ಲಿ ಇನ್ನೂ ನೂರಾ ಅರವತ್ತೆರಡು ಹುರುಪೆ ಇದ್ದಾಗ, ನುಚ್ಚಕ್ಕನ ತಲೆಯ ಮೇಲೆ ಏನೋ ಬಿತ್ತು. ಮುಟ್ಟಿ ನೋಡಿದಳು. ಹಸಿರು ಪುಡಿ. ಮೇಲೆ ಸಂತರ್ಪಣೆ ಶುರುವಾದರೆ ಚೆಲ್ಲಿದ್ದು ಕೆಳಗೆ ಉದುರುತ್ತದೆ, ಅದು ಅವಳಿಗೆ ಗೊತ್ತಿದ್ದದ್ದೇ. ಆದರೆ ಇದೇನಿದು, ಹದಿನೆಂಟು ದಿನ ಮೊದಲೇ? ಆಗಲೇ ಅವಳಿಗೆ ನೀರೂ ಉಗುರುಬೆಚ್ಚಗಿದೆ ಅನ್ನಿಸಿದ್ದು. ಓಡಿಹೋಗಿ ನವಣೆಯ ಕುಡಿಕೆ ಮುಟ್ಟಿ ನೋಡಿದಳು. ಎಣ್ಣೆ ಇರಬೇಕಾದಷ್ಟಿರಲಿಲ್ಲ. ಸೀದಾ ಊರಿನ ಯಜಮಾನ ಸಾಸಿವಯ್ಯನವರ ಬಳಿ ಹೋಗಿ ಅವರ ಮೀಸೆ ಹಿಡಿದು ಜಗ್ಗಿದಳು.

"ಯಜಮಾನ್ರೇ, ಏಳಿ! ಮೇಲೆ ಹಸಿರು ಬಂದುಬಿಟ್ಟಿದೆ."

ಸಾಸಿವಯ್ಯನವರು ಕಣ್ಣು ತೆರೆಯದೆಯೇ ಕೇಳಿದರು: "ಹುರುಪೆ ಎಷ್ಟಾಗಿದೆ?"

"ನೂರಾ ಅರವತ್ತೆರಡು."

"ಹಾಗಾದ್ರೆ ನಾನು ನಿದ್ದೆ ಮಾಡ್ತಾ ಇದ್ದೀನಿ."

"ಮಾತಾಡ್ತಾ ಇದ್ದೀರಲ್ಲ!"

"ಕನವರಿಸ್ತಾ ಇದ್ದೀನಿ."

"ಅಯ್ಯೋ, ನನ್ನ ತಲೆ ಮೇಲಾದ್ರೂ ನೋಡಿ, ಹಸಿರು ಪುಡಿ ಬಿದ್ದಿದೆ."

"ಮಲಗಿರೋರು ಏನನ್ನೂ ನೋಡೋ ಹಾಗಿಲ್ಲಮ್ಮ, ನಿನಗೇ ಗೊತ್ತಲ್ಲ."

"ನೀರು ಬೆಚ್ಚಗಾಗಿದೆ. ಎಲ್ಲರ ಎಣ್ಣೆ ಬೇಗಬೇಗ ಉರೀತಾ ಇದೆ."

"ಬೆಚ್ಚಗಿದ್ರೆ ಒಳ್ಳೇದೇ ಆಯ್ತು, ನಿದ್ದೆ ಚೆನ್ನಾಗಿ ಬರುತ್ತೆ." ಸಾಸಿವಯ್ಯನವರು ಮಗ್ಗುಲಾದರು. "ಹಸಿರಿಗೆ ಹೇಳು, ಹದಿನೆಂಟು ದಿನ ಕಾಯಲಿ. ಇಷ್ಟು ವರ್ಷ ಅದಕ್ಕೋಸ್ಕರ ನಾವು ಕಾದಿಲ್ವಾ?" ಇಷ್ಟು ಹೇಳಿ ಅವರು ಗೊರಕೆ ಹೊಡೆದರು. ಗೊರಕೆ ನಿಜವಾದದ್ದೋ ಅಲ್ಲವೋ ಹೇಳುವುದು ಕಷ್ಟ, ಏಕೆಂದರೆ ನಡುನಡುವೆ ನಿಲ್ಲಿಸಿ ಅವಳು ಹೋದಳೋ ಇಲ್ಲವೋ ಎಂದು ಕಿವಿಗೊಡುತ್ತಿದ್ದರು.

ನುಚ್ಚಕ್ಕ ಹದಿನೆಂಟು ದಿನ ಕಾದಳು. ಮೊದಮೊದಲು ಹಸಿರು ಪುಡಿ ಧಾರಾಳವಾಗಿ ಸುರಿಯಿತು, ಆಮೇಲೆ ತೆಳುವಾಯಿತು, ಆಮೇಲೆ ನಿಂತಿತು. ನೂರಾ ಎಂಬತ್ತನೆಯ ಹುರುಪೆ ಬಿದ್ದ ದಿನ ಊರು ಮೀಸೆ ಬಾಚಿಕೊಂಡು, ಹಾಡು ಹೇಳಿಕೊಂಡು ಮೇಲೆ ಹತ್ತಿತು. ಮೇಲೆ ಏನಿತ್ತು? ಖಾಲಿ ಗಾಜಿನ ಡಬ್ಬಿಗಳು. ಮದುವೆ ಮುಗಿದು ಎಲೆ ಎತ್ತಿದ ಮೇಲೆ ಬಂದ ನೆಂಟರ ಹಾಗೆ ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ನವಣೆಯ ಸೊಂಟದಲ್ಲಿ ಮೊಟ್ಟೆಗಳ ಚೀಲವಿತ್ತು, ಕುಡಿಕೆಯಲ್ಲಿ ಎಣ್ಣೆಯಿರಲಿಲ್ಲ. ಅವಳು ಅಕ್ಕನ ಕೈ ಹಿಡಿದು, "ಇನ್ನೊಂದು ಸ್ವಲ್ಪ ಮುಂದೆ ಹೋದ್ರೆ ಸಿಗುತ್ತೆ ಅಲ್ವೇನೇ?" ಎಂದಳು. ನುಚ್ಚಕ್ಕ "ಸಿಗುತ್ತೆ ಕಣೇ, ಬಾ" ಎಂದಳು. ಸಿಗಲಿಲ್ಲ. ಮೂರನೆಯ ದಿನ ನವಣೆ ಹೋದಳು. ಅರ್ಧ ಊರೇ ಹೋಯಿತು. ಕುಡಿಕೆಯಲ್ಲಿ ಹಳೆಯ ಎಣ್ಣೆ ಮಿಕ್ಕಿದ್ದವರು ಮಾತ್ರ ಖಾಲಿ ಡಬ್ಬಿ ನೆಕ್ಕಿಕೊಂಡು ಹೇಗೋ ಉಳಿದರು. ನುಚ್ಚಕ್ಕ ನೀರೊಳಗಿದ್ದೂ ಕಣ್ಣೀರಿಟ್ಟಳು. ಚೀಲದಲ್ಲಿ ಉಳಿದದ್ದು ಒಂದೇ ಮೊಟ್ಟೆ. ಅದನ್ನು ಮೀಸೆಯಲ್ಲಿ ಸುತ್ತಿಕೊಂಡು ಕೆಳಗೆ ತಂದಳು. ಒಡೆದು ಬಂದ ಹುಡುಗಿಗೆ ಗಸಗಸೆ ಎಂದು ಹೆಸರಿಟ್ಟಳು.

ಉಳಿದವರೆಲ್ಲ ಸಭೆ ಸೇರಿ, ಈ ವರ್ಷ ಹಸಿರು ಬರಲೇ ಇಲ್ಲ ಎಂದು ತೀರ್ಮಾನ ಮಾಡಿದರು. "ಬಂತು, ಬಂದು ಹೋಯ್ತು" ಎಂದು ನುಚ್ಚಕ್ಕ ಗಂಟಲು ಹರಿದುಕೊಂಡಳು. "ನಾವು ನೋಡಿಲ್ಲವಲ್ಲ" ಎಂದರು ಸಾಸಿವಯ್ಯನವರು. ಕರ್ತವ್ಯಕ್ಕೆ ಗೈರುಹಾಜರಾದದ್ದು ಯಾಕೆ ಎಂದು ಹಸಿರಿಗೆ ಒಂದು ನೋಟಿಸು ಬರೆಸಿ, ಜವಾನನ ಕೈಲಿ ಕೊಟ್ಟು ಮೇಲಕ್ಕೆ ಕಳಿಸಿದರು. ದಾರಿಯಲ್ಲಿ, ಮೈಯೆಲ್ಲ ಗಂಜಿಯಂತೆ ಲೊಳಲೊಳನೆ ಇರುವ ಒಂದು ಅಂಬಲಿಮೀನು ನೋಟಿಸನ್ನೂ ತಿಂದಿತು, ಜವಾನನನ್ನೂ ತಿಂದಿತು. ಉತ್ತರ ಬರಲಿಲ್ಲವಾದ್ದರಿಂದ ಹಸಿರು ತಪ್ಪೊಪ್ಪಿಕೊಂಡಿದೆ ಎಂದು ಸಭೆ ಬರೆದುಕೊಂಡಿತು.

ಮರುವರ್ಷ ನೂರಾ ಐವತ್ತೆಂಟು ಹುರುಪೆಗೇ ಹಸಿರು ಪುಡಿ ಉದುರಿತು. ನುಚ್ಚಕ್ಕ ಯಜಮಾನರ ಕಡೆಗೊಮ್ಮೆ ನೋಡಿದಳು. ಗಸಗಸೆಯ ಕಡೆಗೊಮ್ಮೆ ನೋಡಿದಳು. ಹುಡುಗಿ ಬಾಯಿ ತೆರೆದುಕೊಂಡು ಮಲಗಿದ್ದಳು, ಥೇಟ್ ಅವಳ ಅಮ್ಮನ ಹಾಗೆ. ಇವರಿಗೆ ಹೇಳಿ ಪ್ರಯೋಜನವಿಲ್ಲ, ಇವರು ನಂಬುವುದು ರಾಶಿಯನ್ನು ಮಾತ್ರ ಎಂದುಕೊಂಡಳು. ನೆಲದ ಮೇಲೆ ಅಲ್ಲಿ ಇಲ್ಲಿ ಬೇಕಾದಷ್ಟು ಹುರುಪೆ ಬಿದ್ದಿತ್ತು, ಯಾರೂ ಲೆಕ್ಕಕ್ಕೆ ಹಿಡಿಯದವು. ಮೀಸೆ ಎತ್ತಿ ಕಟ್ಟಿಕೊಂಡು ಅವುಗಳಲ್ಲಿ ಇಪ್ಪತ್ತೆರಡನ್ನು ಒಂದೇ ದಿನದಲ್ಲಿ ಎಳೆದು ತಂದು ರಾಶಿಗೆ ಸೇರಿಸಿದಳು. ಉಸ್ಸಪ್ಪಾ ಎಂದು ಬೆನ್ನು ಹಿಡಿದುಕೊಂಡು ಎದ್ದು ನಿಂತು, ಜೀವಮಾನದಲ್ಲಿ ಮೊದಲ ಬಾರಿಗೆ ಸುಳ್ಳು ಕೂಗಿದಳು: "ನೂರಾ ಎಂಬತ್ತು! ಏಳ್ರಪ್ಪಾ, ಏಳಿ!"

ಊರು ಎದ್ದಿತು, ರಾಶಿ ನೋಡಿ ತಲೆದೂಗಿತು, ಮೇಲೆ ಹತ್ತಿತು. ಅಬ್ಬಾ, ಏನು ಹಸಿರು! ಮೂಗಿನವರೆಗೆ ಹಸಿರು. ಗಸಗಸೆ ತಿಂದು ತಿಂದು ದುಂಡಗಾಗಿ ಉರುಳತೊಡಗಿದಳು. ಸಾಸಿವಯ್ಯನವರು ಡಬ್ಬಿಯ ಮೇಲೆ ಡಬ್ಬಿ ಖಾಲಿ ಮಾಡಿ, ತೇಗಿ, ನುಚ್ಚಕ್ಕನ ಕಡೆ ತಿರುಗಿದರು.

"ನೋಡಿದ್ಯಾ? ಹೋದ ವರ್ಷ ಏನೇನೋ ಹೇಳಿ ಹೆದರಿಸ್ತಿದ್ದೆ. ನೂರಾ ಎಂಬತ್ತು ಅಂದ್ರೆ ನೂರಾ ಎಂಬತ್ತೇ."

"ಹೌದು ಯಜಮಾನ್ರೇ" ಎಂದಳು ನುಚ್ಚಕ್ಕ. ಬಾಯಿ ತುಂಬಾ ಹಸಿರಿತ್ತು, ವಾದ ಮಾಡುವ ಮನಸ್ಸಾಗಲಿಲ್ಲ.

ಹೀಗೆ ಹತ್ತು ವರ್ಷ ನಡೆಯಿತು. ಕಡಲು ವರ್ಷದಿಂದ ವರ್ಷಕ್ಕೆ ಬೆಚ್ಚಗಾಯಿತು, ಹಸಿರು ವರ್ಷದಿಂದ ವರ್ಷಕ್ಕೆ ಬೇಗ ಬಂತು. ನುಚ್ಚಕ್ಕ ಇಪ್ಪತ್ತೇಳು ಎಳೆದಳು, ಮೂವತ್ತಮೂರು ಎಳೆದಳು, ಹತ್ತನೆಯ ವರ್ಷ ನಲವತ್ತು ಎಳೆದಳು. ಬೆನ್ನು ಬಾಗಿ ಮೀಸೆ ನೆಲ ಗುಡಿಸುವಂತಾಯಿತು. ಇತ್ತ ಊರು ದಷ್ಟಪುಷ್ಟವಾಯಿತು, ಜನ ಮೊದಲಿನ ಎರಡರಷ್ಟಾದರು. ನೂರಾ ಎಂಬತ್ತರ ಮಹಿಮೆಯ ಮೇಲೆ ಭಾಷಣಗಳಾದವು. ಅಕ್ಕಪಕ್ಕದ ಊರುಗಳು ಒಂದೊಂದಾಗಿ ಹಾಳುಬಿದ್ದ ಸುದ್ದಿ ಬಂದಾಗಲೆಲ್ಲ ಸಾಸಿವಯ್ಯನವರು ಲೊಚಗುಟ್ಟಿ, "ಪಾಪ, ಅವರಲ್ಲಿ ಎಣಿಕೆ ಸರಿಯಿಲ್ಲ ಅಂತ ಕಾಣುತ್ತೆ" ಎನ್ನುತ್ತಿದ್ದರು. ಆ ಊರುಗಳವರೂ ನೂರಾ ಎಂಬತ್ತನ್ನೇ ಎಣಿಸುತ್ತಿದ್ದರು, ಅದೂ ಒಂದೂ ತಪ್ಪದೆ. ಅದು, ಸುದ್ದಿ ತಂದವರನ್ನು ವಿಚಾರಿಸಿದ್ದ ನುಚ್ಚಕ್ಕನಿಗೆ ಮಾತ್ರ ಗೊತ್ತಿತ್ತು.

ಆದರೆ ಹತ್ತನೆಯ ವರ್ಷದ ಸಂತರ್ಪಣೆ ಮುಗಿಸಿ ಕೆಳಗಿಳಿದ ಮೇಲೆ ಊರಿನಲ್ಲಿ ಒಂದು ದೂರು ಎದ್ದಿತು. ಎಲ್ಲರಿಗೂ ಕಣ್ಣುರಿ. ಎಲ್ಲರಿಗೂ ಆಕಳಿಕೆ. ಸಭೆಯಲ್ಲಿ ಒಬ್ಬರು ಬಾಯಿ ತೆರೆದರೆ ಇಡೀ ಸಭೆ ಬಾಯಿ ತೆರೆಯುತ್ತಿತ್ತು. ಗಸಗಸೆ ಈಗ ಬೆಳೆದು ನಿಂತಿದ್ದಳು; ಮುಂದಿನ ಸಂತರ್ಪಣೆಗೆ ಅವಳೇ ಮೊಟ್ಟೆಯಿಡಬೇಕಾದವಳು. ಅವಳು ಕೂಡ, "ದೊಡ್ಡಮ್ಮ, ಏನೇ ಹೇಳು, ಈಚೆಗೆ ನಿದ್ದೆ ಸಾಕಾಗ್ತಾನೇ ಇಲ್ಲ" ಎಂದು ಕಣ್ಣುಜ್ಜಿಕೊಂಡಳು. ಸಾಕಾಗುವುದು ಹೇಗೆ? ನಲವತ್ತು ದಿನದ ನಿದ್ದೆಯನ್ನು ನುಚ್ಚಕ್ಕ ಕದ್ದಿದ್ದಳಲ್ಲ.

ಸಭೆಯಲ್ಲಿ ಬರಗಪ್ಪ ಎದ್ದು ನಿಂತ. ಈ ಬರಗಪ್ಪ ಊರಿಗೇ ಪ್ರಾಮಾಣಿಕನೆಂದು ಹೆಸರಾದವನು. ಹುಟ್ಟಿದಂದಿನಿಂದ ಒಂದು ಸುಳ್ಳು ಹೇಳಿದವನಲ್ಲ. ಹೇಗಿದ್ದೀಯಪ್ಪಾ ಎಂದು ಯಾರಾದರೂ ಬಾಯ್ತಪ್ಪಿ ಕೇಳಿದರೆ ಎರಡು ದಿನ ನಿಲ್ಲಿಸಿಕೊಂಡು ನಿಜ ಹೇಳುತ್ತಿದ್ದ.

"ನಾನು ಬಹಳ ಯೋಚನೆ ಮಾಡಿದೆ" ಎಂದ ಬರಗಪ್ಪ. "ನಾವು ಮಲಗ್ತಾ ಇರೋದು ನೂರಾ ಎಂಬತ್ತೇ ದಿನ. ರಾಶಿ ಇದೆ, ಅದರಲ್ಲಿ ಅನುಮಾನವಿಲ್ಲ. ಆದ್ರೂ ನಿದ್ದೆ ಸಾಲ್ತಾ ಇಲ್ಲ ಅಂದ್ರೆ ಒಂದೇ ಅರ್ಥ. ಈಗಿನ ಕಾಲದ ದಿನಗಳೇ ಚಿಕ್ಕದಾಗಿವೆ."

ಸಭೆ ಹೌದೌದು ಎಂದಿತು. ಈಗಿನ ಕಾಲದ ಯಾವುದು ತಾನೇ ಮೊದಲಿನಂತಿದೆ ಎಂದಿತು. ಒಬ್ಬ ಮುದುಕ ಎದ್ದು, ತನ್ನ ಚಿಕ್ಕಂದಿನಲ್ಲಿ ದಿನಗಳು ಇಷ್ಟಿಷ್ಟು ಉದ್ದವಿದ್ದವು ಎಂದು ಮೀಸೆ ಚಾಚಿ ತೋರಿಸಿದ. ಕೊನೆಗೆ ಸಾಸಿವಯ್ಯನವರು ತೀರ್ಮಾನ ಹೇಳಿದರು: "ಇನ್ನು ಮುಂದೆ ಇನ್ನೂರು ಹುರುಪೆಗೆ ಏಳೋಣ. ಅಜ್ಜಂದಿರ ಪದ್ಧತಿ ಮುರಿದ ಹಾಗೆ ಆಗೋದಿಲ್ಲ. ಅವರ ನೂರಾ ಎಂಬತ್ತು ದೊಡ್ಡ ದಿನ, ನಮ್ಮ ಇನ್ನೂರು ಚಿಕ್ಕ ದಿನ, ಎರಡೂ ಒಂದೇ."

ನುಚ್ಚಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೂರು ಎಂದರೆ ಹಸಿರು ಬಂದು ಅರವತ್ತು ದಿನವಾದ ಮೇಲೆ. ಅಷ್ಟು ಹೊತ್ತಿಗೆ ಹಸಿರಿರಲಿ, ಗಸಗಸೆಯ ಕುಡಿಕೆಯಲ್ಲಿ ಒಂದು ತೊಟ್ಟು ಎಣ್ಣೆಯೂ ಉಳಿದಿರುವುದಿಲ್ಲ. ಎಷ್ಟೆಂದು ಎಳೆಯುವುದು, ಅರವತ್ತು ಹುರುಪೆ ಎಳೆಯಲು ಈ ಬೆನ್ನು ಕೇಳುತ್ತದೆಯೇ? ಸುಳ್ಳು ಹೇಳಿದವರನ್ನು ಅಂಬಲಿಮೀನಿನ ಬಾಯಿಗೆ ಕೊಡುವುದು ಊರಿನ ಕಟ್ಟಳೆ. ಕೊಟ್ಟರೆ ಕೊಡಲಿ ಎಂದು ಅವಳು ಎದ್ದು ನಿಂತಳು.

"ದಿನ ಚಿಕ್ಕದಾಗಿಲ್ಲ ಕಣ್ರಪ್ಪಾ. ನಾನೇ ಸುಳ್ಳು ಹೇಳಿದ್ದು. ಹತ್ತು ವರ್ಷದಿಂದ ನಿಮ್ಮನ್ನ ಮುಂಚೇನೇ ಎಬ್ಬಿಸ್ತಾ ಇದ್ದೀನಿ. ಈ ಸಲ ನೀವು ಮಲಗಿದ್ದು ನೂರಾ ನಲವತ್ತೇ ದಿನ. ಮಿಕ್ಕ ನಲವತ್ತು ಹುರುಪೆ ನಾನು ಅಲ್ಲಿ ಇಲ್ಲಿ ಬಿದ್ದಿದ್ದನ್ನ ಎಳ್ಕೊಂಡು ಬಂದು ಹಾಕಿದ್ದು. ಹಾಗೆ ಮಾಡದೇ ಇದ್ದಿದ್ರೆ ನಿಮ್ಮಲ್ಲಿ ಒಬ್ಬರೂ ಇವತ್ತು ಇಲ್ಲಿ ಕೂತು ಆಕಳಿಸ್ತಾ ಇರ್ತಿರಲಿಲ್ಲ."

ಬರಗಪ್ಪ ಗಂಭೀರವಾಗಿ ರಾಶಿಯ ಬಳಿ ಹೋಗಿ ಎಣಿಸತೊಡಗಿದ. ಮೂರು ದಿನ ಎಣಿಸಿದ. ಊರು ಉಸಿರು ಬಿಗಿಹಿಡಿದು, ನಡುನಡುವೆ ತೂಕಡಿಸುತ್ತಾ ಕಾದಿತು. ನಾಲ್ಕನೆಯ ದಿನ ಅವನು ಬಂದು ಹೇಳಿದ: "ನೂರಾ ಎಂಬತ್ತೇ ಇದೆ. ಒಂದು ಕಡಿಮೆಯಿಲ್ಲ, ಒಂದು ಹೆಚ್ಚಿಲ್ಲ."

"ಇದೆ ಕಣಯ್ಯಾ, ನಾನೇ ಹಾಕಿದ್ದಲ್ವಾ!"

"ಸುಳ್ಳು ಲೆಕ್ಕ ಆಗಿದ್ರೆ ರಾಶಿ ತಪ್ಪಬೇಕಿತ್ತು, ಅಕ್ಕ. ತಪ್ಪಿಲ್ಲ."

ಸಾಸಿವಯ್ಯನವರ ಒಂಟಿ ಕಣ್ಣಿನಲ್ಲಿ ನೀರಾಡಿತು. "ನೋಡಿ, ದೊಡ್ಡವರ ವಿನಯ ಅಂದ್ರೆ ಇದು. ಹತ್ತು ವರ್ಷ ಒಂದು ದಿನವೂ ತಪ್ಪದೆ ಎಣಿಸಿ, ಹೊಗಳಿಸಿಕೊಳ್ಳೋಕೆ ನಾಚಿಕೆಪಟ್ಟು, ನಾನು ಕಳ್ಳಿ ಅಂತಿದ್ದಾಳೆ ಮಹಾತಾಯಿ! ದುಡಿದು ದುಡಿದು ತಲೆ ಬಳಲಿದೆ ಪಾಪ. ಇವಳಿಗೆ ವಿಶ್ರಾಂತಿ ಕೊಡಬೇಕು. ಸನ್ಮಾನ ಮಾಡಬೇಕು. ಇನ್ನು ಮೇಲೆ ಇನ್ನೂರರವರೆಗೆ ಎಣಿಸೋ ಕೆಲಸ ಬರಗಪ್ಪನಿಗೆ."

ಚಪ್ಪಾಳೆ ಬಿತ್ತು. ನುಚ್ಚಕ್ಕನಿಗೆ ಮೊದಲು ತಲೆ ಕೆಟ್ಟಿತು, ಆಮೇಲೆ ಸಮಾಧಾನವಾಯಿತು. ಆಗಲಿ, ಕೆಲಸ ಹೋದರೆ ಹೋಗಲಿ, ನನಗೆ ಹೇಗೂ ನಿದ್ದೆ ಬರುವುದಿಲ್ಲ. ಹಸಿರು ಪುಡಿ ಉದುರಿದ ದಿನ ಗಸಗಸೆಯನ್ನು ಎತ್ತಿಕೊಂಡಾದರೂ ಮೇಲೆ ಹೋಗುತ್ತೇನೆ ಎಂದುಕೊಂಡಳು.

ಆದರೆ ಆ ಊರಿನ ಸನ್ಮಾನದ ರೀತಿಯೇ ಬೇರೆ. ಹಾರವಿಲ್ಲ, ಶಾಲಿಲ್ಲ. ಪ್ರತಿಯೊಬ್ಬರೂ ತಮ್ಮ ಕುಡಿಕೆಯಿಂದ ಒಂದು ತೊಟ್ಟು ಎಣ್ಣೆ ತೆಗೆದು, ಸನ್ಮಾನವಾದವರ ಕುಡಿಕೆಗೆ ಹಾಕಬೇಕು. ಸಾವಿರಾರು ಜನ ಸಾಲಾಗಿ ಬಂದರು. ಎಣಿಸುವವನಿಗೆ ನಿದ್ದೆ ಹತ್ತಬಾರದೆಂದು ಬರಗಪ್ಪ ತಳದಲ್ಲಿ ಒಂದಿಷ್ಟು ಬಿಟ್ಟು ತನ್ನ ಕುಡಿಕೆಯನ್ನೇ ಬಗ್ಗಿಸಿದ. ನುಚ್ಚಕ್ಕ "ಬೇಡ್ರೋ, ಬೇಡ್ರೇ, ನಿಮಗೇ ಬೇಕಾಗುತ್ತೆ" ಎಂದು ಕೈ ಅಡ್ಡ ಹಿಡಿದಳು, ಒದ್ದಾಡಿದಳು, ಒಬ್ಬಿಬ್ಬರಿಗೆ ಕಚ್ಚಿದಳು. ಅದನ್ನೂ ವಿನಯವೆಂದೇ ತಿಳಿದರು. ಕೊನೆಗೆ ಗಸಗಸೆ ಬಂದಳು.

"ಇನ್ನೊಂದೇ ತೊಟ್ಟು, ದೊಡ್ಡಮ್ಮ. ನಂದು."

"ಬೇಡ ಕಣೇ, ನನ್ನ ಕಂದಾ. ನಿನ್ನಮ್ಮ ಹೋಗಿದ್ದೂ ಹೀಗೇನೇ. ತಡವಾಗಿ ಎದ್ದು ಹೋದ್ಲು ಅವಳು."

"ಆ ವರ್ಷ ಹಸಿರೇ ಬಂದಿರ್ಲಿಲ್ವಂತಲ್ಲ? ಊರೆಲ್ಲಾ ಹಾಗೇ ಹೇಳುತ್ತೆ." ಗಸಗಸೆ ಅವಳ ಬಾಗಿದ ಬೆನ್ನನ್ನು ಮೃದುವಾಗಿ ನೇವರಿಸಿ, ತನ್ನ ತೊಟ್ಟನ್ನು ಹಾಕಿದಳು. "ನೀನು ಒಂದು ದಿನಾನಾದ್ರೂ ಕಣ್ತುಂಬಾ ಮಲಗಿದ್ದನ್ನ ನಾನು ನೋಡಿಲ್ಲ. ಈಗ ಮಲಗು."

ಕುಡಿಕೆ ಅಂಚಿನವರೆಗೆ ತುಂಬಿತು. ಹುಟ್ಟಿದಾಗಿನಿಂದ ಬಾರದಿದ್ದ ನಿದ್ದೆಯೆಲ್ಲ ಒಟ್ಟುಗೂಡಿ ನುಚ್ಚಕ್ಕನ ಕಾಲಿನಿಂದ ಹತ್ತತೊಡಗಿತು. ಅಂದೇ ಮಲಗುವ ದಿನವೂ ಆಗಿತ್ತು; ಊರಿನವರು ಒಬ್ಬೊಬ್ಬರಾಗಿ ಜಾಗ ಹಿಡಿದು ಮಲಗಿದರು. ಗಸಗಸೆ ದೊಡ್ಡಮ್ಮನ ಪಕ್ಕದಲ್ಲೇ ಉರುಳಿಕೊಂಡು ಬಾಯಿ ತೆರೆದಳು. ನುಚ್ಚಕ್ಕ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಬರಗಪ್ಪನನ್ನು ಹತ್ತಿರ ಕರೆದಳು.

"ತಮ್ಮಾ ಬರಗಪ್ಪಾ, ನಿನ್ನ ದಮ್ಮಯ್ಯ. ಹಸಿರು ಪುಡಿ ತಲೆ ಮೇಲೆ ಬಿದ್ರೆ..."

"ಒರೆಸಿಕೊಳ್ತೀನಿ ಅಕ್ಕ" ಎಂದ ಬರಗಪ್ಪ. "ನೀವೇನೂ ಯೋಚನೆ ಮಾಡಬೇಡಿ. ನನ್ನ ಕೈಲಿ ಒಂದು ಹುರುಪೆಯೂ ಹೆಚ್ಚುಕಡಿಮೆ ಆಗೋಲ್ಲ."

ನುಚ್ಚಕ್ಕ ಬಾಯಿ ತೆರೆದಳು. ಮಾತಿನ ಬದಲು ಆಕಳಿಕೆ ಬಂತು. ಮುಚ್ಚಿಕೊಳ್ಳುತ್ತಿದ್ದ ಕಣ್ಣಿನ ಸಂದಿಯಿಂದ ಅವಳಿಗೆ ಲಾಟೀನು ಮೀನುಗಳ ಮೊದಲ ಹಿಂಡು ಮಿಣಿಮಿಣಿ ಎನ್ನುತ್ತಾ ಹಾದುಹೋದದ್ದು ಕಂಡಿತು. ಒಂದು ಹುರುಪೆ ಓಲಾಡುತ್ತಾ ಬಂದು ಬಿತ್ತು. ಬರಗಪ್ಪ ಅದನ್ನು ಶ್ರದ್ಧೆಯಿಂದ ಎಳೆದು ತಂದು, ಊರ ನಡುವೆ ಇಟ್ಟು, "ಒಂದು" ಎಂದು ಗಟ್ಟಿಯಾಗಿ ಹೇಳಿದ. ಆಮೇಲೆ ಬಗ್ಗಿ ನೋಡಿದ. ಹುರುಪೆಯ ಅಂಚು ಒಂದು ಕಡೆ ಕೂದಲೆಳೆಯಷ್ಟು ಮುಕ್ಕಾಗಿತ್ತು. ಅವನು ಬಹಳ ಹೊತ್ತು ಮೀಸೆ ಕಡಿಯುತ್ತಾ ನಿಂತ. ಪ್ರಾಮಾಣಿಕ ಮನುಷ್ಯ, ಮನಸ್ಸು ಒಪ್ಪಲಿಲ್ಲ.

"ಇದು ಪೂರ್ತಿ ಅಲ್ಲ" ಎಂದು ಅದನ್ನು ಎತ್ತಿ ಆಚೆ ಎಸೆದ. "ಇವತ್ತಿನದು ಬೇಡ. ನಾಳೆಯಿಂದ ಶುರು ಮಾಡೋಣ."